‘ಇಲ್ಲಿ ಡಾಟಾ ಮಾಡಿಕೊಡಲಾಗುವುದು’

ಸೈಕಾಲಜಿ ಡಿಗ್ರಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ಕಡೆ ಒಂದು ರೇಟ್ ಇದೆ. ಡಾಟಾ ಅನಾಲಿಸಿಸ್ ಮಾತ್ರ ಆದರೆ ಇಷ್ಟು, ಟೇಬಲ್ ಟೈಪ್ ಮಾಡಿ ಕೊಡಬೇಕಾದರೆ ಇಷ್ಟು, ‘ರಿಸಲ್ಟ್ಸ್ ಆ್ಯಂಡ್ ಡಿಸ್ಕಷನ್’ ಚಾಪ್ಟರನ್ನೂ ಬರೆದು ಕೊಡಬೇಕಾದರೆ ಇನ್ನಷ್ಟು. ಬೈಂಡಿಂಗ್ ಫ್ರೀ. ಜೆರಾಕ್ಸ್ ಅಂಗಡಿಯ ಗಾಜಿನ ಮೇಲೆ ಇದನ್ನು ರಾಜಾರೋಷವಾಗಿ ಪ್ರಿಂಟ್ ತೆಗೆದು ಅಂಟಿಸಿದ್ದಾರೆ. ನಾನು ಅಂಗಡಿಯವನ ಮಗ. ಯಾರಾದರೂ ದುಡಿದು ತಿನ್ನುವುದರ ಬಗ್ಗೆ ನನಗೆ ತಕರಾರಿಲ್ಲ. ಗಿರಾಕಿ ಇದ್ದಲ್ಲಿ ಅಂಗಡಿ ಹುಟ್ಟುತ್ತದೆ. ನನ್ನ ತಕರಾರು ಇರುವುದು ಗಿರಾಕಿಯನ್ನು ಆ ಅಂಗಡಿಗೆ ಕಳಿಸಿಕೊಡುವ ಕಾಲೇಜಿನ ಮೇಲೆ. ಮಗಳ ಫೀಸು ಕಟ್ಟಿದ ಮೇಲೆ ಈ ಹಣವನ್ನೂ ಪ್ರಶ್ನೆ ಕೇಳದೆ ಎಣಿಸಿ ಕೊಡುವ ನಮ್ಮಂಥ ಮನೆಯವರ ಮೇಲೂ ಸ್ವಲ್ಪ ಇದೆ.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನಮ್ಮ ಹೆಣ್ಣುಮಕ್ಕಳು ಸೈಕಾಲಜಿ ಓದಲು ಹೊರಟಿರುವುದು ನನಗೆ ಖುಷಿಯ ವಿಷಯ. ಮಂಜೇಶ್ವರ, ಉಪ್ಪಳ, ಕುಂಬಳೆ, ಆಚೆ ತಲಪಾಡಿ ದಾಟಿದರೆ ಉಳ್ಳಾಲ, ದೇರಳಕಟ್ಟೆ, ಎಲ್ಲೇ ಹೋದರೂ ಈಗ ‘ಮಗಳು ಸೈಕಾಲಜಿ’ ಎನ್ನುವ ಉಮ್ಮಂದಿರು ಸಿಗುತ್ತಾರೆ. ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಹೇಳದ ನೋವು ಎಷ್ಟಿದೆ ಎಂದು ನಿಮಗೂ ಗೊತ್ತು. ನಾವು ಎಲ್ಲದಕ್ಕೂ ‘ಬೇಜಾರ್’ ಎಂಬ ಒಂದೇ ಮಾತು ಹೇಳುವವರು. ಹೊತ್ತು ಹೋಗದಿದ್ದರೂ ಬೇಜಾರ್, ಗಂಡ ಗಲ್ಫಿನಿಂದ ಫೋನ್ ಮಾಡದಿದ್ದರೂ ಬೇಜಾರ್, ಬದುಕೇ ಬೇಡ ಅನಿಸಿದರೂ ಬೇಜಾರ್. ಈ ಮೂರು ಬೇಜಾರುಗಳ ವ್ಯತ್ಯಾಸ ತಿಳಿಯುವ, ಬ್ಯಾರಿ ಮಾತಾಡುವ ಒಬ್ಬಳು ಹುಡುಗಿ ಎದುರಿಗೆ ಕುಳಿತು ಕೇಳಿಸಿಕೊಂಡರೆ ಎಷ್ಟೋ ಮನೆಯ ಹೊರೆ ಇಳಿಯುತ್ತದೆ. ಅದಕ್ಕೇ ಅವಳಿಗೆ ಸರಿಯಾಗಿ ಕಲಿಸಿ ಎಂದು ಜಗಳ ತೆಗೆಯುತ್ತಿರುವುದು.

ನನ್ನ ಅಕ್ಕನ ಮಗಳ ಪ್ರಾಜೆಕ್ಟಿನ ವಿಷಯ ಹೇಳುತ್ತೇನೆ. ಕಾಲೇಜು ಗಡಿಯ ಈಚೆಯದೋ ಆಚೆಯದೋ ಬೇಡ. ಎರಡು ಕಡೆಯೂ ಕಥೆ ಒಂದೇ. ಅವಳ ಪ್ರಶ್ನೆ ಒಳ್ಳೆಯದಿತ್ತು. ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿಯರ ಆತ್ಮಗೌರವಕ್ಕೂ ಮನೆಯಿಂದ ಬಸ್ಸಲ್ಲಿ ಹೋಗಿ ಬರುವವರ ಆತ್ಮಗೌರವಕ್ಕೂ ವ್ಯತ್ಯಾಸ ಇದೆಯಾ? ನಮ್ಮಲ್ಲಿ ಪ್ರತಿ ಜೂನ್ ತಿಂಗಳಲ್ಲಿ ಪ್ರತಿ ಮನೆಯಲ್ಲೂ ಎದ್ದು ನಿಲ್ಲುವ ಪ್ರಶ್ನೆ ಇದು. ಅದಕ್ಕೆ ಅವಳು ರೋಸೆನ್‌ಬರ್ಗ್ ಎಂಬ ಅಮೆರಿಕನ್ ಸಮಾಜಶಾಸ್ತ್ರಜ್ಞ 1965ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಬಳಸಿದಳು. ಸೈಕಾಲಜಿ ಓದುವ ಮಕ್ಕಳೆಲ್ಲ ಒಮ್ಮೆಯಾದರೂ ಬಳಸುವಂಥದ್ದು. ಹತ್ತು ಹೇಳಿಕೆಗಳು. ಐದು ಹೇಳಿಕೆ ತನ್ನ ಬಗ್ಗೆ ಒಳ್ಳೆಯದು ಹೇಳುತ್ತವೆ, ಐದು ಕೆಟ್ಟದು ಹೇಳುತ್ತವೆ. ಓದುವವರು ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಟಿಕ್ ಹಾಕಬೇಕು. ಗೂಗಲ್ ಫಾರ್ಮ್ ಮಾಡಿ ವಾಟ್ಸ್ಯಾಪಿನಲ್ಲಿ ಹಾಕಿದಳು, 84 ಉತ್ತರ ಬಂತು. ಆಮೇಲೆ ಗೈಡ್ ಹೇಳಿದಂತೆ ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಹೋದಳು. ಮೂರು ಸಾವಿರ ಕೊಟ್ಟಳು. ನಾಲ್ಕನೇ ದಿನ ಚಂದದ ಟೇಬಲ್‌ಗಳು ಬಂದವು. ತೀರ್ಮಾನ: ಹಾಸ್ಟೆಲಾದರೂ ಒಂದೇ ಮನೆಯಾದರೂ ಒಂದೇ, ವ್ಯತ್ಯಾಸ ಇಲ್ಲ.

ನಾನು ಸೈಕಾಲಜಿ ಓದಿದವನಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ, ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಅಳತೆ ನೋಡುವ ಕೆಲಸ. ಆದರೆ ಆ ಟೇಬಲ್ ನೋಡಿ ಮೊದಲು ಕಂಡದ್ದು ಒಂದೇ: 84 ಹುಡುಗಿಯರ ಮೊತ್ತವೂ 25ರ ಸುತ್ತಮುತ್ತಲೇ ಗಿರಕಿ ಹೊಡೆಯುತ್ತಿತ್ತು. ವರ್ಕ್‌ಶಾಪಿನಲ್ಲಿ ಎಲ್ಲ ಪೀಸೂ ಹೆಚ್ಚುಕಮ್ಮಿ ಒಂದೇ ಅಳತೆ ತೋರಿಸಿದರೆ ನಾವು ಮೆಷಿನ್‌ಗೆ ಶಹಬ್ಬಾಸ್ ಹೇಳುವುದಿಲ್ಲ, ಗೇಜ್ ಸಿಕ್ಕಿಹಾಕಿಕೊಂಡಿದೆಯಾ ಎಂದು ನೋಡುತ್ತೇವೆ.

ಗೇಜ್ ಸಿಕ್ಕಿಹಾಕಿಕೊಂಡಿತ್ತು. ಕೆಟ್ಟದು ಹೇಳುವ ಐದು ಹೇಳಿಕೆಗಳ ಅಂಕವನ್ನು ತಿರುಗಿಸಿ ಹಾಕಬೇಕು: 4 ಇದ್ದರೆ 1, 3 ಇದ್ದರೆ 2. ಅಂಗಡಿಯಲ್ಲಿ ಹಾಕಿರಲಿಲ್ಲ. ಇದರ ಪರಿಣಾಮವನ್ನು ಕ್ಯಾಲ್ಕುಲೇಟರ್ ಇಲ್ಲದೆ ನೋಡಬಹುದು. ತನ್ನ ಬಗ್ಗೆ ಅತ್ಯಂತ ಹೆಮ್ಮೆ ಇರುವ ಹುಡುಗಿ ಒಳ್ಳೆಯ ಐದಕ್ಕೂ 4 ಹಾಕುತ್ತಾಳೆ, 20 ಆಯಿತು, ಕೆಟ್ಟ ಐದಕ್ಕೂ 1 ಹಾಕುತ್ತಾಳೆ, 5 ಆಯಿತು, ಒಟ್ಟು 25. ತನ್ನನ್ನು ತಾನು ಏನೂ ಅಲ್ಲ ಎಂದುಕೊಂಡ ಹುಡುಗಿ ಒಳ್ಳೆಯ ಐದಕ್ಕೂ 1 ಹಾಕುತ್ತಾಳೆ, 5. ಕೆಟ್ಟ ಐದಕ್ಕೂ 4, 20. ಒಟ್ಟು ಅದೇ 25. ತಿರುಗಿಸಿ ಹಾಕಿದರೆ ಒಬ್ಬಳದು 40, ಇನ್ನೊಬ್ಬಳದು 10. ಅಂದರೆ ಎತ್ತರದಲ್ಲಿ ಇದ್ದವಳನ್ನೂ ಬಾವಿಯಲ್ಲಿ ಬಿದ್ದವಳನ್ನೂ ಒಂದೇ ಮೆಟ್ಟಿಲಲ್ಲಿ ನಿಲ್ಲಿಸಿ, ‘ನೋಡಿ, ಇಬ್ಬರೂ ಸಮ’ ಎಂದು ಸರ್ಟಿಫಿಕೇಟ್ ಕೊಟ್ಟಿದ್ದರು.

ನನಗೆ ಇನ್ನೂ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಅಂಗಡಿಯವರು ಬಳಸುವುದು ಎಸ್‌ಪಿಎಸ್‌ಎಸ್ ಎಂಬ ಸಾಫ್ಟ್‌ವೇರ್. ಪ್ರಶ್ನಾವಳಿಯ ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆಯಾ ಎಂದು ನೋಡಲು ಕ್ರಾನ್‌ಬಾಕ್ಸ್ ಆಲ್ಫಾ ಎಂಬ ಲೆಕ್ಕ ಉಂಟು. ಹೀಗೆ ತಿರುಗಿಸದೆ ಬಿಟ್ಟರೆ ಆಲ್ಫಾ ಸೊನ್ನೆಗಿಂತ ಕೆಳಗೆ, ಮೈನಸ್‌ಗೆ ಹೋಗುತ್ತದೆ. ಆಗ ಎಸ್‌ಪಿಎಸ್‌ಎಸ್ ಟೇಬಲಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಹಾಕುತ್ತದೆ: ಇದು ಮೈನಸ್ ಬಂದಿದೆ, ಪ್ರಶ್ನೆಗಳಿಗೆ ಅಂಕ ಹಾಕಿದ ಕ್ರಮವನ್ನು ಒಮ್ಮೆ ನೋಡಿಕೊಳ್ಳಿ ಎಂಬ ಅರ್ಥದಲ್ಲಿ. ಮೆಷಿನ್ ತಾನಾಗಿಯೇ ಕೂಗಿ ಹೇಳಿತ್ತು. ಮೂಲ ಫೈಲ್ ತರಿಸಿ ನೋಡಿದಾಗ ಟಿಪ್ಪಣಿ ಅಲ್ಲಿತ್ತು. ಅಂಗಡಿಯವರು ಆ ಟೇಬಲನ್ನೇ ಕಿತ್ತು, ಬೇರೆ ಯಾರದೋ ಲೇಖನದಿಂದ ಒಂದು ಚಂದದ ಆಲ್ಫಾ ಎತ್ತಿ ಅಂಟಿಸಿದ್ದರು.

ಎರಡು ರಾತ್ರಿ ಇಬ್ಬರೂ ಕುಳಿತು ಸರಿ ಮಾಡಿದೆವು. ಸರಿ ಮಾಡಿದ ಮೇಲೆ ಏನಾದರೂ ದೊಡ್ಡ ಸತ್ಯ ಹೊರಬಂತು ಎಂದುಕೊಳ್ಳಬೇಡಿ. ಮೊತ್ತಗಳು 14ರಿಂದ 39ರವರೆಗೆ ಹರಡಿದವು. ಎರಡು ಗುಂಪಿನ ಸರಾಸರಿಯಲ್ಲಿ ಸಣ್ಣ ಅಂತರ ಕಂಡಿತು. ಆದರೆ 84 ಜನರಿಂದ ಅದು ನಿಜವಾದ ಅಂತರವೋ ಬರೀ ಆಕಸ್ಮಿಕವೋ ಹೇಳಲಾಗದಷ್ಟು ಅಲುಗಾಟ ಇತ್ತು. ಅವಳು ಅದನ್ನೇ ಬರೆದಳು. ‘ವ್ಯತ್ಯಾಸ ಇಲ್ಲ’ ಎನ್ನುವುದಕ್ಕೂ ‘ವ್ಯತ್ಯಾಸ ಇದೆಯೋ ಇಲ್ಲವೋ ಈ ಅಳತೆಯಿಂದ ಹೇಳಲು ಬರುವುದಿಲ್ಲ’ ಎನ್ನುವುದಕ್ಕೂ ಇರುವ ದೂರ ಅವಳಿಗೆ ಮೂರು ವರ್ಷದ ಡಿಗ್ರಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಗೈಡ್ ಹಳೆಯ ಚಾಪ್ಟರಿಗೂ ಓಕೆ ಎಂದಿದ್ದರು, ಹೊಸದಕ್ಕೂ ಓಕೆ ಎಂದರು.

ಒಂದು ಹುಡುಗಿಯ ಪ್ರಾಜೆಕ್ಟ್ ತಾನೇ, ಲೈಬ್ರರಿಯ ಕಪಾಟಿನಲ್ಲಿ ಧೂಳು ತಿನ್ನುತ್ತದೆ, ಅದಕ್ಕೆ ಇಷ್ಟು ಗಲಾಟೆ ಯಾಕೆ ಎನ್ನಬಹುದು. ಆ ತಪ್ಪು ವಾಕ್ಯವನ್ನು ಹಿಡಿದು ನಾಳೆ ಯಾವುದೋ ಸಭೆಯಲ್ಲಿ ಒಬ್ಬರು ಎದ್ದು ನಿಂತು ‘ನಮ್ಮ ಹುಡುಗಿಯರ ಬಗ್ಗೆ ಸಂಶೋಧನೆಯೇ ಹೇಳಿದೆ’ ಎಂದರೆ? ನಮ್ಮ ಬಗ್ಗೆ ಹೊರಗಿನವರು ತಪ್ಪು ಲೆಕ್ಕ ಬರೆದದ್ದಕ್ಕೆ ನಾವು ಬೇಕಾದಷ್ಟು ಸಲ ಸಿಟ್ಟಾಗಿದ್ದೇವೆ. ನಮ್ಮವರೇ ಹಣ ಕೊಟ್ಟು ಬರೆಸಿದರೆ ಸುಮ್ಮನಿರಬೇಕಾ?

ಇನ್ನೊಂದು ವಿಷಯವನ್ನು ತಂದೆತಾಯಂದಿರು ಗಮನ ಇಟ್ಟು ಓದಬೇಕು. ಆ ಪೆನ್‌ಡ್ರೈವಿನಲ್ಲಿ ಏನಿತ್ತು? 84 ಹುಡುಗಿಯರ ಉತ್ತರ. ಒಂದೊಂದರ ಪಕ್ಕದಲ್ಲೂ ಇಮೇಲ್ ವಿಳಾಸ, ವಯಸ್ಸು, ಕಾಲೇಜು, ಊರು. ಗೂಗಲ್ ಫಾರ್ಮಿನಿಂದ ಬಂದ ಶೀಟನ್ನು ಹಾಗೆಯೇ ಕೊಟ್ಟಿದ್ದಳು, ಹೆಸರು ತೆಗೆದು ಕೊಡಬೇಕು ಎಂದು ಯಾರೂ ಹೇಳಿರಲಿಲ್ಲ. ತಾನು ಯಾವುದಕ್ಕೂ ಪ್ರಯೋಜನ ಇಲ್ಲ ಎಂದು ಒಬ್ಬಳು ಒಪ್ಪಿ ಟಿಕ್ ಹಾಕಿದ್ದು, ಅವಳ ಹೆಸರಿನ ಜೊತೆಗೆ, ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಇವತ್ತಿಗೂ ಕುಳಿತಿದೆ. ಇನಿಶಿಯಲ್ ನೋಡಿದರೆ ಯಾರ ಮನೆಯ ಹುಡುಗಿ ಎಂದು ಗೊತ್ತಾಗುವ ಊರು ನಮ್ಮದು. ಡಿಪ್ರೆಷನ್, ಆತಂಕ ಅಳೆಯುವ ಪ್ರಶ್ನಾವಳಿಗಳಾದರೆ ಇನ್ನೂ ಕಷ್ಟ. ವಿದ್ಯಾರ್ಥಿಗೆ ಡಾಟಾ ತಾನೇ ಮಾಡಲು ಬಂದರೆ ಅದು ಅವಳ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಹೋಗುವ ಅಗತ್ಯವೇ ಇಲ್ಲ. ಬೇರೆ ಯಾವ ಕಾರಣ ಇಲ್ಲದಿದ್ದರೂ ಈ ಒಂದು ಕಾರಣ ಸಾಕು.

ಹಾಗಾದರೆ ಕಾಲೇಜಿನಲ್ಲಿ ಕಲಿಸುವುದೇ ಇಲ್ಲವಾ? ಕಲಿಸುತ್ತಾರೆ. ಅವಳ ರೆಕಾರ್ಡ್ ಪುಸ್ತಕ ತೆಗೆದು ನೋಡಿದೆ. ‘ಅನಲೈಜ್ ಒತ್ತಿ, ಕಂಪೇರ್ ಮೀನ್ಸ್‌ಗೆ ಹೋಗಿ, ಇಂಡಿಪೆಂಡೆಂಟ್ ಸ್ಯಾಂಪಲ್ಸ್ ಟಿ ಟೆಸ್ಟ್ ಆರಿಸಿ, ಓಕೆ ಒತ್ತಿ.’ ಚಂದದ ಅಕ್ಷರದಲ್ಲಿ, ಕೆಂಪು ಪೆನ್ನಿನಲ್ಲಿ ಹೆಡಿಂಗ್ ಹಾಕಿ ಬರೆದಿದ್ದಾಳೆ. ವೈವಾದಲ್ಲೂ ಕೇಳುವುದು ಇದೇ, ಯಾವ ಮೆನುವಿನಲ್ಲಿ ಯಾವುದಿದೆ ಎಂದು. ಲ್ಯಾಬಿನಲ್ಲಿ ಎಸ್‌ಪಿಎಸ್‌ಎಸ್‌ನ ಟ್ರಯಲ್ ಮುಗಿದಿದ್ದರಿಂದ ಅರ್ಧ ಕ್ಲಾಸ್ ಇದನ್ನು ಬೋರ್ಡ್ ನೋಡಿ ಬರೆದುಕೊಂಡಿದೆ. ಈಜುವುದನ್ನು ನೋಟ್ಸ್ ಬರೆಸಿ ಕಲಿಸಿದಂತೆ ಇದು. ಲೆಕ್ಕ ಹಾಕಲು ಕೊಟ್ಟ ಡಾಟಾ ಕೂಡಾ ಮೊದಲೇ ತೊಳೆದು ಒಣಗಿಸಿ ಇಟ್ಟದ್ದು, ಒಂದು ಖಾನೆ ಖಾಲಿ ಇಲ್ಲ, ಒಂದು ಅಂಕ ಎಡವಟ್ಟಿಲ್ಲ.

ನಿಜವಾದ ಡಾಟಾ ಹಾಗಿರುವುದಿಲ್ಲ ಮಾರಾಯ್ರೆ. ವಯಸ್ಸಿನ ಖಾನೆಯಲ್ಲಿ ಒಬ್ಬಳು 20 ಎಂದು ಬರೆದಿದ್ದರೆ ಇನ್ನೊಬ್ಬಳು ‘ಇಪ್ಪತ್ತಾಗಲು ಎರಡು ತಿಂಗಳಿದೆ’ ಎಂದು ಬರೆದಿರುತ್ತಾಳೆ. ಒಬ್ಬಳು ಎರಡು ಸಲ ಫಾರ್ಮ್ ತುಂಬಿರುತ್ತಾಳೆ. ಒಬ್ಬಳು ಎಲ್ಲದಕ್ಕೂ ‘ಒಪ್ಪುತ್ತೇನೆ’ ಎಂದು ಮೇಲಿಂದ ಕೆಳಕ್ಕೆ ಗೆರೆ ಎಳೆದಿರುತ್ತಾಳೆ. ಉತ್ತರ ಕೊಡದ ಕಡೆ ಯಾರೋ 99 ಎಂದು ತುಂಬಿಸಿ, ಅದು ಲೆಕ್ಕಕ್ಕಿಲ್ಲ ಎಂದು ಸಾಫ್ಟ್‌ವೇರಿಗೆ ಹೇಳಲು ಮರೆತರೆ, ಸರಾಸರಿ ಆಕಾಶಕ್ಕೆ ಹೋಗುತ್ತದೆ. ಡಿಎಎಸ್‌ಎಸ್-21 ಎಂಬ ಇನ್ನೊಂದು ಪ್ರಶ್ನಾವಳಿ ಇದೆ, ಖಿನ್ನತೆ, ಆತಂಕ, ಒತ್ತಡ ಮೂರಕ್ಕೂ ಏಳೇಳು ಹೇಳಿಕೆ. ಅದು 42 ಹೇಳಿಕೆಗಳ ದೊಡ್ಡ ಪ್ರಶ್ನಾವಳಿಯ ಅರ್ಧ. ಆದ್ದರಿಂದ ಮೂಲದ ಪಟ್ಟಿಗೆ ಹೋಲಿಸುವ ಮೊದಲು ಮೊತ್ತವನ್ನು ಎರಡರಿಂದ ಗುಣಿಸಬೇಕು. ಗುಣಿಸದಿದ್ದರೆ ತೀವ್ರ ಖಿನ್ನತೆಯವಳು ಸ್ವಲ್ಪ ಬೇಜಾರಿನವಳಾಗಿ ಕಾಣುತ್ತಾಳೆ. ಇದು ಮಾರ್ಕಿನ ವಿಷಯವಲ್ಲ. ನಾಳೆ ಅವಳು ಕೌನ್ಸಿಲಿಂಗ್ ಕೋಣೆಯಲ್ಲಿ ಕುಳಿತು ಇದೇ ಹಾಳೆಗೆ ಅಂಕ ಹಾಕುವಾಗ ಎದುರಿಗೆ ಕುಳಿತಿರುವುದು ನಿಮ್ಮ ಮಗಳಾಗಿರಬಹುದು.

ಪಾಲಿಟೆಕ್ನಿಕ್‌ನಲ್ಲಿ ನಮಗೆ ಮೊದಲ ವಾರ ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟಾಗ ಏನನ್ನೂ ಅಳೆಯಲು ಬಿಡಲಿಲ್ಲ. ಮೊದಲು ದವಡೆ ಮುಚ್ಚಿ ಸೊನ್ನೆ ಸೊನ್ನೆಗೆ ಸೇರುತ್ತದೆಯಾ ನೋಡಿ ಎಂದರು. ಅದು ಝೀರೋ ಎರರ್. ಆಮೇಲೆ ಒಂದೇ ಪೀಸನ್ನು ಮೂವರು ಅಳೆದು ಮೂವರದೂ ಬೇರೆ ಬೇರೆ ಬಂದಾಗ, ಯಾಕೆ ಎಂದು ಕೇಳಿದರು. 0.02 ಮಿಲಿಮೀಟರ್ ಓದುವ ಉಪಕರಣದಿಂದ 0.001ರ ಮಾತಾಡಿದವನಿಗೆ ಬೈಗುಳ ಸಿಕ್ಕಿತು. ಒಂದು ಕಬ್ಬಿಣದ ತುಂಡಿಗೆ ಇಷ್ಟು ಮರ್ಯಾದೆ. ಮನುಷ್ಯನ ಮನಸ್ಸನ್ನು ಅಳೆಯುವ ಕೋರ್ಸಿನಲ್ಲಿ ‘ಓಕೆ ಒತ್ತಿ’!

ಗಣಿತ ಬರುವುದಿಲ್ಲ ಎಂದೇ ಆರ್ಟ್ಸ್ ತೆಗೆದುಕೊಂಡ ಮಕ್ಕಳು, ಅವರಿಗೆ ಇದೆಲ್ಲ ತಲೆಗೆ ಹೋಗುವುದಿಲ್ಲ ಎಂದು ಉಪನ್ಯಾಸಕರು ಹೇಳುತ್ತಾರೆ. ನನಗೆ ಈ ಮಾತು ಒಪ್ಪಿಗೆ ಇಲ್ಲ. ಟಿ ಟೆಸ್ಟನ್ನು ನಾನು ಅಕ್ಕನ ಮಗಳಿಗೆ ಬಂಗುಡೆಯಲ್ಲಿ ಹೇಳಿಕೊಟ್ಟೆ. ಉಪ್ಪಳದ ಒಂದು ಬುಟ್ಟಿ, ಕುಂಬಳೆಯ ಒಂದು ಬುಟ್ಟಿ. ಯಾವ ಬುಟ್ಟಿಯ ಬಂಗುಡೆ ದೊಡ್ಡದು? ಎರಡೂ ಬುಟ್ಟಿಯ ಸರಾಸರಿ ತೂಕ ತೆಗೆ, ಅಂತರ ನೋಡು. ಆದರೆ ಅಷ್ಟೇ ಸಾಲದು, ಒಂದೇ ಬುಟ್ಟಿಯ ಒಳಗೆ ಮೀನು ಮೀನಿಗೂ ಎಷ್ಟು ವ್ಯತ್ಯಾಸ ಇದೆ ನೋಡು. ಒಳಗಿನ ವ್ಯತ್ಯಾಸವೇ ಜಾಸ್ತಿ ಇದ್ದರೆ, ಬುಟ್ಟಿ ಬುಟ್ಟಿಯ ನಡುವಿನ ಸಣ್ಣ ಅಂತರಕ್ಕೆ ಬೆಲೆ ಇಲ್ಲ. ಕೈ ಹಾಕಿದಾಗ ಯಾವ ಮೀನು ಸಿಕ್ಕಿತು ಎನ್ನುವುದರ ಮೇಲೆ ಅದು ನಿಂತಿದೆ. ಮೀನು ಎಷ್ಟು ಜಾಸ್ತಿ ತೂಗುತ್ತೀಯೋ ಅಷ್ಟು ಭರವಸೆ. ಇಷ್ಟೇ ಟಿ ಟೆಸ್ಟ್. ಪಿ-ವ್ಯಾಲ್ಯೂ? ಎರಡು ಬುಟ್ಟಿಗೂ ನಿಜವಾಗಿ ವ್ಯತ್ಯಾಸವೇ ಇಲ್ಲ ಎಂದು ಇಟ್ಟುಕೋ, ಆಗಲೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಎಷ್ಟು ಸಲ ಕೈಗೆ ಸಿಗುತ್ತಿತ್ತು ಎಂಬ ಲೆಕ್ಕ. ನಿನ್ನ ಊಹೆ ಸರಿ ಇರುವ ಸಾಧ್ಯತೆ ಎಷ್ಟು ಎಂದು ಅದು ಹೇಳುವುದಿಲ್ಲ. ಈ ಗೊಂದಲ ಎಷ್ಟು ದೊಡ್ಡದೆಂದರೆ 2016ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ ಪಿ-ವ್ಯಾಲ್ಯೂವನ್ನು ಹೇಗೆ ಅರ್ಥ ಮಾಡಿಕೊಳ್ಳಬಾರದು ಎಂದು ಒಂದು ಹೇಳಿಕೆ ಹೊರಡಿಸಬೇಕಾಯಿತು. ಅವಳಿಗೆ ಅರ್ಧ ಗಂಟೆಯಲ್ಲಿ ಅರ್ಥವಾಯಿತು. ಅವಳ ಅಜ್ಜ ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದವರು, ತಕ್ಕಡಿ ಅವಳ ರಕ್ತದಲ್ಲೇ ಇದೆ.

ಅಂದ ಹಾಗೆ, ಈ ಟಿ ಟೆಸ್ಟ್ ಕಂಡುಹಿಡಿದದ್ದು ಪ್ರೊಫೆಸರ್ ಅಲ್ಲ. ವಿಲಿಯಂ ಗಾಸೆಟ್ ಎಂಬವನು, ಡಬ್ಲಿನ್‌ನ ಗಿನ್ನೆಸ್ ಕಂಪನಿಯ ನೌಕರ. ಹೌದು, ಬಿಯರ್ ಕಂಪನಿ, ಮೂಗು ಮುರಿಯಬೇಡಿ. ಕೆಲವೇ ಸ್ಯಾಂಪಲ್ ನೋಡಿ ಇಡೀ ಸರಕಿನ ಗುಣಮಟ್ಟ ಹೇಳುವುದು ಹೇಗೆ ಎಂಬ ಕೆಲಸದ ತಾಪತ್ರಯದಿಂದ ಅವನು ಇದನ್ನು ಕಟ್ಟಿ, 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ. ಸರಕಿನ ಗುಣ ನೋಡುವವನ ಉಪಕರಣ ಅದು. ನನ್ನಂಥವನು ಈ ವಿಷಯದಲ್ಲಿ ಬಾಯಿ ಹಾಕಲು ಅಷ್ಟು ಹಕ್ಕು ಸಾಕು ಅಂದುಕೊಂಡಿದ್ದೇನೆ.

ಗುಂಡಿ ಒತ್ತುವ ಸೈಕಾಲಜಿಯಿಂದ ಏನಾಗುತ್ತದೆ ಎಂದು ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳೇ ಅನುಭವಿಸಿವೆ. 2011ರಲ್ಲಿ ಸಿಮನ್ಸ್, ನೆಲ್ಸನ್, ಸಿಮನ್‌ಸನ್ ಎಂಬ ಮೂವರು ಸಂಶೋಧಕರು ಬೇಕೆಂದೇ ಒಂದು ಹುಚ್ಚು ಫಲಿತಾಂಶ ತೆಗೆದು ತೋರಿಸಿದರು: ಬೀಟಲ್ಸ್‌ನ ಒಂದು ಹಾಡು ಕೇಳಿದ ವಿದ್ಯಾರ್ಥಿಗಳು ಬೇರೆ ಹಾಡು ಕೇಳಿದವರಿಗಿಂತ ಸುಮಾರು ಒಂದೂವರೆ ವರ್ಷ ಚಿಕ್ಕವರಾದರು ಎಂದು. ಡಾಟಾ ಸುಳ್ಳಲ್ಲ, ಲೆಕ್ಕವೂ ತಪ್ಪಿಲ್ಲ. ಹಲವು ರೀತಿ ಲೆಕ್ಕ ಹಾಕಿ, ಬೇಕಾದದ್ದು ಬಂದಾಗ ನಿಲ್ಲಿಸಿ, ಉಳಿದದ್ದನ್ನು ಹೇಳದೆ ಬಿಟ್ಟರು, ಅಷ್ಟೇ. ಕ್ಲಿಕ್ ಮಾಡುತ್ತಾ ಹೋದರೆ ಯಾವುದಾದರೂ ಒಂದು ಕಡೆ 0.05ರ ಕೆಳಗೆ ಬಂದೇ ಬರುತ್ತದೆ ಎಂದು ಕಣ್ಣಿಗೆ ಕಟ್ಟುವಂತೆ ತೋರಿಸಲು. ನಾಲ್ಕು ವರ್ಷದ ನಂತರ, 2015ರಲ್ಲಿ, ಬ್ರಯಾನ್ ನೊಸೆಕ್ ನೇತೃತ್ವದಲ್ಲಿ ನೂರಾರು ಸಂಶೋಧಕರು ಸೇರಿ, ಹೆಸರಾಂತ ಪತ್ರಿಕೆಗಳಲ್ಲಿ ಬಂದಿದ್ದ 100 ಸೈಕಾಲಜಿ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ನೂರಕ್ಕೆ 97ರಲ್ಲಿ ‘ಸಿಗ್ನಿಫಿಕೆಂಟ್’ ಫಲಿತಾಂಶ ಇತ್ತು. ಮತ್ತೆ ಮಾಡಿದಾಗ ನೂರಕ್ಕೆ 36ರಲ್ಲಿ ಮಾತ್ರ. ಅಂಥ ಪತ್ರಿಕೆಗಳ ಕಥೆಯೇ ಹೀಗಾದರೆ ಜೆರಾಕ್ಸ್ ಅಂಗಡಿಯ ಟೇಬಲಿನ ಕಥೆ ಏನು?

ಇನ್ನು ಸಾಫ್ಟ್‌ವೇರಿನ ಮಾತು. ಎಸ್‌ಪಿಎಸ್‌ಎಸ್ 1968ರಿಂದ ಇರುವ ಹಳೆಯ ಉಪಕರಣ, 2009ರಿಂದ ಐಬಿಎಂ ಕಂಪನಿಯದು. ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಆದರೆ ಲೈಸೆನ್ಸ್ ದುಬಾರಿ. ಕಾಲೇಜಿನಲ್ಲಿ ನಾಲ್ಕು ಕಂಪ್ಯೂಟರಿಗೆ ಇದ್ದರೆ ಅರವತ್ತು ಮಕ್ಕಳ ಮನೆಯಲ್ಲಿ ಇಲ್ಲ. ಮನೆಯಲ್ಲಿ ಇರುವುದು ಕದ್ದ ಕಾಪಿ, ಅದರ ಜೊತೆಗೆ ವೈರಸ್. ಕದ್ದ ಸರಕನ್ನು ಅಂಗಡಿಯಲ್ಲಿ ಇಟ್ಟರೆ ಉಪ್ಪ ಹೊರಗೆ ಎಸೆಯುತ್ತಿದ್ದರು. ಸಂಶೋಧನೆಯ ಮೊದಲ ಪಾಠವನ್ನೇ ಕದ್ದ ಸಾಫ್ಟ್‌ವೇರಿನಲ್ಲಿ ಮಾಡಿಸುವವರು ಆಮೇಲೆ ‘ರಿಸರ್ಚ್ ಎಥಿಕ್ಸ್’ ಎಂದು ಒಂದು ಯುನಿಟ್ ಪಾಠ ಮಾಡುತ್ತಾರೆ!

ಇದರ ಅಗತ್ಯವೇ ಇಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ಶಿಕ್ಷಕರು ಶುರು ಮಾಡಿದ ‘ಆರ್’ ಪೂರ್ತಿ ಉಚಿತ, ಜಗತ್ತಿನ ಎಲ್ಲ ಕಡೆ ಸಂಶೋಧಕರು ಬಳಸುತ್ತಾರೆ. ಅದರಲ್ಲಿ ಕೋಡ್ ಬರೆಯಬೇಕು, ಹೆದರಿಕೆ ಆಗುತ್ತದೆ ಎನ್ನುವವರಿಗೆ ಮೆನು ಇರುವ ಜಮೋವಿ ಇದೆ, ಅದು ಆರ್‌ನ ಮೇಲೆಯೇ ಕಟ್ಟಿದ್ದು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಜಾಸ್ಪ್ ಇದೆ. ಎರಡೂ ಉಚಿತ, ಇಂಟರ್‌ನೆಟ್ ಹೋದರೂ ಲ್ಯಾಪ್‌ಟಾಪಿನಲ್ಲಿ ನಡೆಯುತ್ತವೆ. ಜಮೋವಿಯಲ್ಲಿ ಡಾಟಾ ಮತ್ತು ಲೆಕ್ಕ ಎರಡೂ ಒಂದೇ ಫೈಲಿನಲ್ಲಿ ಉಳಿಯುತ್ತವೆ. ಒಂದು ಅಂಕ ತಿದ್ದಿದರೆ ಟೇಬಲ್ ಅಲ್ಲೇ ಬದಲಾಗುತ್ತದೆ. ಹೇಳಿಕೆಗಳನ್ನು ತಿರುಗಿಸಿ ಹಾಕುವುದಕ್ಕೆ ಆಲ್ಫಾ ಲೆಕ್ಕದಲ್ಲೇ ಒಂದು ಖಾನೆ ಇದೆ. ನಾವು ಎರಡು ರಾತ್ರಿ ಕುಳಿತದ್ದು ಅದರ ಮುಂದೆಯೇ.

ಈ ಬಗ್ಗೆ ಕಾಸರಗೋಡಿನ ಕಡೆಯವರಿಗೆ ಹೇಳುವುದೇ ಬೇಕಾಗಿಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಯಿತು, ಮುಂದೆ ಇಡೀ ಕಲಿಕೆ ಲಿನಕ್ಸ್ ಮೇಲೆ, ಉಚಿತ ಸಾಫ್ಟ್‌ವೇರಿನ ಮೇಲೆ ಬಂತು. 2017ರಿಂದ ಅದು ಕೈಟ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ನಮ್ಮ ಕನ್ನಡ ಮೀಡಿಯಂ ಮಕ್ಕಳೂ ಎಂಟನೇ ಕ್ಲಾಸಿನಲ್ಲಿ ಉಚಿತ ಸಾಫ್ಟ್‌ವೇರಿನಲ್ಲಿ ಕೈ ಪಳಗಿಸಿಕೊಂಡವರು. ಹದಿಮೂರು ವರ್ಷದ ಹುಡುಗಿಗೆ ಬಂದದ್ದು ಇಪ್ಪತ್ತರ ಹುಡುಗಿಗೆ ಬರುವುದಿಲ್ಲವಂತೆ. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದಿದೆ, ನಾಲ್ಕನೇ ವರ್ಷ ಸಂಶೋಧನೆ ಮಾಡುವ ಅವಕಾಶದ ಜೊತೆಗೆ. ಈಗಲೇ ಎಚ್ಚರಾಗದಿದ್ದರೆ ಜೆರಾಕ್ಸ್ ಅಂಗಡಿಯವರು ಇನ್ನೊಂದು ಬ್ರಾಂಚ್ ತೆಗೆಯುತ್ತಾರೆ.

‘ಕೆಲಸಕ್ಕೆ ಹೋದಲ್ಲಿ ಎಸ್‌ಪಿಎಸ್‌ಎಸ್ ಕೇಳುತ್ತಾರೆ’ ಎಂಬ ಮಾತೂ ಇದೆ. ಇರಲಿ, ಕಲಿಸಿ. ಆದರೆ ಅದರಲ್ಲೂ ಓಕೆ ಗುಂಡಿಯ ಪಕ್ಕದಲ್ಲೇ ‘ಪೇಸ್ಟ್’ ಎಂಬ ಇನ್ನೊಂದು ಗುಂಡಿ ಇದೆ, ಎಷ್ಟು ಮಕ್ಕಳಿಗೆ ಗೊತ್ತು? ಅದನ್ನು ಒತ್ತಿದರೆ ನೀವು ಮಾಡಹೊರಟ ಲೆಕ್ಕ ಬರಹದ ಸಾಲುಗಳಾಗಿ ಒಂದು ಫೈಲಿಗೆ ಬೀಳುತ್ತದೆ. ಯಾವ ಹೇಳಿಕೆ ತಿರುಗಿಸಿದಿರಿ, ಯಾರನ್ನು ಬಿಟ್ಟಿರಿ, ಯಾವ ಟೆಸ್ಟ್ ಮಾಡಿದಿರಿ, ಎಲ್ಲವನ್ನೂ ಹೀಗೆ ಸಾಲಾಗಿ ಇಟ್ಟುಕೊಳ್ಳಬಹುದು. ನಾಳೆ ಇನ್ನೊಬ್ಬರು ಆ ಫೈಲ್ ಓಡಿಸಿದರೆ ಅದೇ ಉತ್ತರ ಬರಬೇಕು. ಉಪ್ಪನ ಸಾಲದ ಪುಸ್ತಕದಲ್ಲಿ ರಬ್ಬರಿಗೆ ಜಾಗ ಇರಲಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯುತ್ತಿದ್ದರು, ಹಳೆಯ ಅಂಕೆಯೂ ಕಾಣಬೇಕು. ಗಿರಾಕಿ ಬಂದು ‘ಕಾಕಾ, ಇದು ಹೇಗೆ ಬಂತು’ ಎಂದರೆ ಪುಸ್ತಕ ತಿರುಗಿಸಿ ಅವನ ಮುಂದೆ ಇಡುತ್ತಿದ್ದರು. ಪ್ರಾಜೆಕ್ಟಿನ ಪುಸ್ತಕವನ್ನೂ ಹಾಗೆ ತಿರುಗಿಸಿ ಇಡುವಂತಿರಬೇಕು.

ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 2010ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು, ರೈನ್‌ಹಾರ್ಟ್ ಮತ್ತು ರೋಗಾಫ್, ಸಾಲ ಜಾಸ್ತಿಯಾದ ದೇಶಗಳ ಬೆಳವಣಿಗೆ ಕುಸಿಯುತ್ತದೆ ಎಂದು ಬರೆದರು. ಸರಕಾರಗಳು ಖರ್ಚು ಕಡಿತ ಮಾಡಲು ಅದನ್ನು ತೋರಿಸಿದವು. ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ ಕ್ಲಾಸಿನಲ್ಲಿ ಯಾವುದಾದರೂ ಪ್ರಕಟಿತ ಲೆಕ್ಕವನ್ನು ಮತ್ತೆ ಮಾಡಿ ತನ್ನಿ ಎಂದು ಕೆಲಸ ಕೊಟ್ಟಿದ್ದರು. ಅವನು ಇದನ್ನು ಹಿಡಿದ. ಲೆಕ್ಕ ಸೇರಲಿಲ್ಲ. ಅವರಿಂದಲೇ ಎಕ್ಸೆಲ್ ಶೀಟ್ ತರಿಸಿ ನೋಡಿದರೆ, ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಬೇರೆ ಆಯ್ಕೆಗಳನ್ನೂ ಸರಿಪಡಿಸಿದಾಗ, ಸಾಲ ತೀರಾ ಜಾಸ್ತಿ ಇರುವ ದೇಶಗಳ ಸರಾಸರಿ ಬೆಳವಣಿಗೆ ಮೈನಸ್ 0.1 ಅಲ್ಲ, 2.2 ಶೇಕಡಾ ಎಂದು 2013ರಲ್ಲಿ ಅವನೂ ಅವನ ಇಬ್ಬರು ಅಧ್ಯಾಪಕರೂ ಬರೆದರು. ಹೋಮ್‌ವರ್ಕಿಗೆ ಕೊಟ್ಟ ಲೆಕ್ಕ ಅದು. ನಮ್ಮ ಮಕ್ಕಳಿಗೆ ಇಂಥ ಹೋಮ್‌ವರ್ಕ್ ಯಾಕೆ ಸಿಗಬಾರದು?

ಕೊನೆಗೆ ಒಂದು ವಾದ ಬರುತ್ತದೆ, ಅದು ನಮ್ಮ ಮನೆಗಳಿಂದಲೇ: ‘ಅವಳೇನು ವಿಜ್ಞಾನಿ ಆಗಬೇಕಾ? ಕೌನ್ಸಿಲರ್ ಆದರೆ ಸಾಕು, ಒಳ್ಳೆಯ ಸಂಬಂಧ ಬಂದರೆ ಅದೂ ಬೇಡ.’ ಎರಡನೆಯ ಅರ್ಧಕ್ಕೆ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಮೊದಲನೆಯದಕ್ಕೆ ಹೇಳುತ್ತೇನೆ. ಕೌನ್ಸಿಲರ್ ದಿನಾ ಬಳಸುವ ಪ್ರತಿ ಟೆಸ್ಟಿನ ಹಿಂದೆ ಯಾರದೋ ಡಾಟಾ ಇದೆ. ಮಗುವಿನ ಐಕ್ಯೂ ಇಷ್ಟು ಎಂದು ಬರೆದು ಕೊಡುವಾಗ ಆ ಅಂಕೆ ಯಾವ ಮಕ್ಕಳಿಗೆ ಹೋಲಿಸಿ ಬಂತು, ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಕ್ಷರ, ಟೆಸ್ಟ್ ಮಾತ್ರ ಇಂಗ್ಲಿಷಿನಲ್ಲಿ ಎಂಬ ಮಗುವಿಗೆ ಅದು ಎಷ್ಟು ಹೊಂದುತ್ತದೆ ಎಂದು ಕೇಳಲು ತಿಳಿಯದವಳು ಆ ಮಗುವಿನ ಹಣೆಗೆ ‘ಮಂದಬುದ್ಧಿ’ ಎಂದು ಚೀಟಿ ಅಂಟಿಸಿ ಕಳಿಸುತ್ತಾಳೆ. ಅವಳ ತಪ್ಪಲ್ಲ. ಅವಳಿಗೆ ಓಕೆ ಒತ್ತಲು ಮಾತ್ರ ಕಲಿಸಿದ್ದಾರೆ.

ಅಡ್ಮಿಷನ್ ಸಮಯ ಬರುತ್ತಿದೆ. ನಮ್ಮವರು ಕಾಲೇಜಿಗೆ ಹೋದರೆ ಬಸ್ ಉಂಟಾ, ಹಾಸ್ಟೆಲಿನಲ್ಲಿ ಊಟ ಹೇಗೆ, ನಮಾಜಿಗೆ ಜಾಗ ಉಂಟಾ ಎಂದು ಕೇಳುತ್ತಾರೆ. ಕೇಳಬೇಕಾದದ್ದೇ. ಜೊತೆಗೆ ಇದನ್ನೂ ಕೇಳಿ: ಲ್ಯಾಬಿನಲ್ಲಿ ಯಾವ ಸಾಫ್ಟ್‌ವೇರ್, ಅದನ್ನು ಮಗಳು ಮನೆಯ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬಹುದಾ, ಎಷ್ಟನೇ ಸೆಮಿಸ್ಟರಿನಿಂದ ಅವಳೇ ಸಂಗ್ರಹಿಸಿದ ಡಾಟಾದ ಮೇಲೆ ಕೆಲಸ ಮಾಡಿಸುತ್ತೀರಿ, ಕೊನೆಯ ವರ್ಷದ ಪ್ರಾಜೆಕ್ಟಿನ ಲೆಕ್ಕ ಯಾರು ಮಾಡುತ್ತಾರೆ. ‘ಅದು ಹೊರಗೆ ಮಾಡಿಸಬಹುದು, ಎಲ್ಲರೂ ಹಾಗೇ ಮಾಡುವುದು’ ಎಂಬ ಉತ್ತರ ಬಂದರೆ, ಆ ಮೂರು ಸಾವಿರವನ್ನು ಫೀಸಿನಲ್ಲಿ ಕಳೆಯಿರಿ ಎಂದು ಹೇಳಿ.